ನನ್ನ ಧಾತು ತಪಾಸಣೆಯ ಮೂರು ಕಾಗದಗಳು

ಡಾಕ್ಟರಬಾಯಿ ನನ್ನ ಹೆಂಡತಿಗೆ ಹೇಳಿ ಕಳಿಸಿದ್ದು ಇಷ್ಟೇ: "ನಿನ್ನೊಳಗ ನನಗೇನೂ ಊನ ಕಾಣವಲ್ದು. ಮುಂದಿನ ಸಲ ಗಂಡನ್ನ ಕಳಸು."

ಬಾಗವ್ವ ವಿಜಾಪುರದ ಬಸ್ಸಿಳಿದು ಬಂದವಳೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಈ ಮಾತು ಹೇಳಿದಳು. ನಾನು ಭಟ್ಟಿಯ ಬಾಯಿಗೆ ಕುಕ್ಕರುಗಾಲಲ್ಲಿ ಕೂತು, ಕಾದ ಉಸುಕಿನೊಳಗೆ ಅಕ್ಕಿ ಸುರಿದು ಕೈಯಾಡಿಸುತ್ತಿದ್ದೆ. ಚುರಮುರಿ ಅರಳುವಾಗ ಕಣ್ಣು ಆಚೆ ಈಚೆ ಹೋಗುವಂತಿಲ್ಲ. ತುಸು ತಡವಾದರೂ ಕರಕಾಗುತ್ತದೆ. ಹಾಗಾಗಿ ಅವಳ ಮುಖ ನೋಡದೆಯೇ ಕೇಳಿದೆ.

"ನನ್ನ ಯಾಕಂತ?"

"ತಪಾಸ ಮಾಡಾಕ."

"ನನಗೇನಾಗೇತಿ?"

"ಅದ ಗೊತ್ತಾಗಲಿ ಅಂತ," ಅಂದು ಅವಳು ಕೊಡ ತಗೊಂಡು ನೀರಿಗೆ ಹೋದಳು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷ ಆಗಿದ್ದ ಕಾಲ ಅದು. ನಮ್ಮದು ಟಿಕೋಟಾ. ಕುರಿ ಕಾಯುವ ಮನೆತನ, ಆದರೆ ನಮ್ಮಪ್ಪ ಕುರಿ ಮಾರಿ ಚುರಮುರಿ ಭಟ್ಟಿ ಹಾಕಿದ್ದ. ಅವನು ತೀರಿಕೊಂಡ ಮೇಲೆ ಭಟ್ಟಿ ನನ್ನ ಪಾಲಿಗೆ ಬಂತು. ಮನೆಯಲ್ಲಿ ಅವ್ವ, ತಮ್ಮ ಈರಪ್ಪ, ನಾನು, ಬಾಗವ್ವ. ಬಾಗವ್ವ ಮಮದಾಪುರದವಳು. ನಮ್ಮ ಮದುವೆಯಾಗಿ ಆರನೇ ವರ್ಷ ನಡೆದಿತ್ತು, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ.

ಆರು ವರ್ಷ ಅವ್ವ ಸುಮ್ಮನೆ ಕೂತಿರಲಿಲ್ಲ. ಬಾಗವ್ವನಿಗೆ ಬೇರು ಅರೆದು ಕುಡಿಸಿದ್ದಳು, ತಾಯಿತ ಕಟ್ಟಿಸಿದ್ದಳು, ಸೋಮವಾರ ಉಪವಾಸ ಇರಿಸಿದ್ದಳು. ಎಲ್ಲ ಮುಗಿದ ಮೇಲೆ ಕೊನೆಯ ಉಪಾಯ ಒಂದೇ ಉಳಿದಿತ್ತು. ಬಬಲೇಶ್ವರದಲ್ಲಿರುವ ನನ್ನ ಅಕ್ಕ ಶಿವಕ್ಕನ ಮಗಳು ಕಸ್ತೂರಿ ಮದುವೆಯ ವಯಸ್ಸಿಗೆ ಬಂದಿದ್ದಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. "ಬಾಗವ್ವನ್ನ ಯಾರ ಹೊರಗ ಹಾಕ ಅಂತಾರ? ಇಬ್ಬರೂ ಇರಲಿ," ಅಂತ ಅವ್ವ ಓಣಿಯ ಹೆಂಗಸರ ಮುಂದೆ ಅಂದದ್ದು ಬಾಗವ್ವನ ಕಿವಿಗೂ ಬಿದ್ದಿತ್ತು. ಆ ಮಾತು ಬಿದ್ದ ಮೇಲೆಯೇ ಅವಳು ಯಾರನ್ನೂ ಕೇಳದೆ ನೆರೆಮನೆಯವಳನ್ನು ಜೊತೆ ಮಾಡಿಕೊಂಡು ಡಾಕ್ಟರಬಾಯಿ ಹತ್ತಿರ ಹೋದದ್ದು.

ನಾನು ಹೋಗಲು ಒಂದು ತಿಂಗಳು ಮೀನಮೇಷ ಎಣಿಸಿದೆ. ನಾನು ಗಟ್ಟಿಮುಟ್ಟಾದ ಆಳು. ಅಕ್ಕಿಯ ಚೀಲ ಒಬ್ಬನೇ ಬೆನ್ನಿಗೇರಿಸುತ್ತಿದ್ದೆ. ಗಂಡಹೆಂಡತಿಯ ಸಂಬಂಧದಲ್ಲೂ ಏನೂ ಕೊರತೆ ಇರಲಿಲ್ಲ. ಇಂಥವನಿಗೆ ಎಂಥ ತಪಾಸ ಅನ್ನುವುದು ನನ್ನ ವಾದ. ಬಾಗವ್ವ ವಾದಕ್ಕೆ ನಿಲ್ಲಲಿಲ್ಲ. "ಆರು ವರ್ಷ ನಾ ಕಂಡಕಂಡದ್ದು ಕುಡದೀನಿ. ನೀವು ಒಂದ ಸಲ ಬಸ್ ಹತ್ತಿ ಬರ್ರಿ," ಅಂದಳು.

ಗಾಂಧಿ ಚೌಕದ ಹತ್ತಿರದ ಒಬ್ಬ ಡಾಕ್ಟರ ಕಡೆ ಹೋದೆ. ವಯಸ್ಸಿನಲ್ಲಿ ನನ್ನಷ್ಟೇ ಇದ್ದರು, ಅವಸರದ ಮನುಷ್ಯ. ನಾನು ತಲೆ ತಗ್ಗಿಸಿ ಹೇಳುವುದನ್ನು ಅರ್ಧಕ್ಕೇ ತಡೆದು, "ಧಾತು ತಪಾಸ ಆಗಬೇಕು, ವೀರ್ಯದ್ದು. ಸ್ವಚ್ಛ ಬಾಟಲಿಯೊಳಗ ತಗೊಂಡ ಬಾ," ಅಂದರು. ಮುಂದಿನವರನ್ನು ಕರೆದೇ ಬಿಟ್ಟರು. ಎಲ್ಲಿಂದ ತರಬೇಕು, ಹೇಗೆ, ಎಷ್ಟು ಹೊತ್ತಿನೊಳಗೆ ಅಂತ ಅವರು ಹೇಳಲಿಲ್ಲ, ನನಗೆ ಕೇಳುವ ಧೈರ್ಯ ಬರಲಿಲ್ಲ.

ಸ್ವಚ್ಛ ಅಂದದ್ದೊಂದು ಮಾತು ಮಾತ್ರ ಬಾಗವ್ವ ಗಟ್ಟಿಯಾಗಿ ಹಿಡಿದಳು. ಕಣ್ಣಿನ ಔಷಧದ ಒಂದು ಸಣ್ಣ ಬಾಟಲಿಯನ್ನು ಬೂದಿ ಹಾಕಿ ತಿಕ್ಕಿದಳು, ಸಾಬೂನು ಹಚ್ಚಿ ತೊಳೆದಳು, ಕುದಿಯುವ ನೀರು ಸುರಿದಳು. ಒಣಗಲಿಲ್ಲ ಅಂತ ಒಳಗೆ ಸೀರೆಯ ಚುಂಗು ತುರುಕಿ ಒರೆಸಿದಳು. ದೇವರ ಸಾಮಾನನ್ನೂ ಅವಳು ಅಷ್ಟು ತೊಳೆದದ್ದು ನಾನು ನೋಡಿಲ್ಲ.

ಮರುದಿನ ಹೊತ್ತು ಹುಟ್ಟುವ ಮೊದಲೇ ನಾನು ಅಕ್ಕಿ ಚೀಲ ಒಟ್ಟಿದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಬಾಗವ್ವ ಹೊಸ್ತಿಲಲ್ಲಿ ಮೊರ ಹಿಡಿದು ಕೂತಳು, ಕಾವಲಿಗೆ.

"ಸಂಗಪ್ಪ ಎಲ್ಲ್ಯದಾನ?" ಅಂತ ಅವ್ವನ ದನಿ ಕೇಳಿತು.

"ಒಳಗ ಅಕ್ಕಿ ಅಳ್ಯಾಕತ್ತಾರ್ರಿ," ಅಂದಳು ಬಾಗವ್ವ.

ಒಳಗೆ ನನಗೆ ನಗು ಬಂತು. ಹಾಗೂ ಹೀಗೂ ಕೆಲಸ ಮುಗಿಯಿತು. ಬಾಟಲಿಯನ್ನು ಕಿಸೆಯಲ್ಲಿ ಇಟ್ಟರೆ ಯಾರಾದರೂ ಮುಟ್ಟಿ ಕೇಳಿಯಾರು ಅಂತ ತಲೆಯ ರುಮಾಲಿನ ಸುತ್ತಿನೊಳಗೆ ಸಿಗಿಸಿಕೊಂಡು ಬಸ್ ಹತ್ತಿದೆ.

ಜಾಗ ಸಿಕ್ಕಿದ್ದು ಎಂಜಿನ್ ಪಕ್ಕದಲ್ಲಿ. ಟಿಕೋಟಾ ದಾಟಿ ಅರ್ಧ ದಾರಿಗೆ ಬರುವಷ್ಟರಲ್ಲಿ ನೀರು ಕುದ್ದು ಬಸ್ಸು ನಿಂತಿತು. ಕ್ಲೀನರ್ ಡಬ್ಬಿ ಹಿಡಿದು ಬಾವಿ ಹುಡುಕುತ್ತ ಹೋದ. ಜನ ಇಳಿದು ಬೇವಿನ ಗಿಡದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಂಡರು. ಬೇಸಿಗೆಯ ಬಿಸಿಲು ಏರುತ್ತಿತ್ತು. "ರುಮಾಲ ತಗದ ಗಾಳಿ ಹಾಕ್ಕೊಳ್ಳೊ, ಬೆವರ ಸುರ್ಯಾಕತ್ತೈತಿ," ಅಂತ ಒಬ್ಬ ಪರಿಚಯದವನು ಅಂದ. ನಾನು ರುಮಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ.

ತಪಾಸಣೆಯ ಕೋಣೆಯಲ್ಲಿ ಎರಡು ಬೆಂಚು ತುಂಬ ಜನ. ಗಂಡಸರಿದ್ದರು, ಹೆಂಗಸರಿದ್ದರು. ನಾನು ಬಾಟಲಿಯನ್ನು ಮೇಜಿನ ಮೂಲೆಯಲ್ಲಿ ಇಟ್ಟು ಏನೂ ಗೊತ್ತಿಲ್ಲದವನ ಹಾಗೆ ಗೋಡೆಗೆ ಒರಗಿ ನಿಂತೆ. ಒಳಗಿನಿಂದ ಬಂದ ಆಳು ಅದನ್ನು ಬೆಳಕಿಗೆ ಎತ್ತಿ ಹಿಡಿದು ಸಂತೆಯಲ್ಲಿ ಕೂಗಿದಂತೆ ಕೂಗಿದ.

"ಯಾರ್ದಿದು ಧಾತು?"

ಹೆಂಗಸರು ಮುಖ ಆಚೆ ತಿರುಗಿಸಿದರು. ನಾನು ಬಾಗಿಲ ಕಡೆ ನೋಡಿದೆ. ಅವನು ಇನ್ನೊಮ್ಮೆ ಕೂಗುವ ಮೊದಲು ಬೆಂಚಿನ ತುದಿಯಲ್ಲಿದ್ದ ಒಬ್ಬ ಮುದುಕ, ಕೈಯಲ್ಲಿ ತಗಡಿನ ಡಬ್ಬಿ ಹಿಡಿದವನು, ನನ್ನ ಅಂಗಿ ಜಗ್ಗಿದ. "ನಂದು ಕಫಾ ಐತಿ, ತಮ್ಮಾ. ನಿಂದು ಅದ. ನಾಚಿಕಿ ಯಾಕ? ದೇಹದಾಗಿಂದು ಒಂದಿಲ್ಲೊಂದು ಎಲ್ಲಾರದೂ ಬಾಟಲಿಗೆ ಬರತೈತಿ. ಹೋಗು, ಹೆಸರ ಬರಸು." ಆ ಮುದುಕ ಯಾರೋ, ಆಮೇಲೆ ಎಷ್ಟು ದಿನ ಬದುಕಿದನೋ ಗೊತ್ತಿಲ್ಲ. ಅವನು ಜಗ್ಗದಿದ್ದರೆ ನಾನು ಹೆಸರು ಬರೆಸದೆ ಮನೆಗೆ ಓಡಿಹೋಗುತ್ತಿದ್ದೆ.

ಎರಡು ದಿನ ಬಿಟ್ಟು ಕಾಗದ ಕೊಟ್ಟರು. ಪೂರಾ ಇಂಗ್ಲಿಷು. ನಾನು ಓದಿದ್ದು ನಾಲ್ಕನೇ ಇಯತ್ತೆ. ಡಾಕ್ಟರು ಸಂಜೆಗೆ ಬರುವವರಿದ್ದರು. ಅಲ್ಲಿಯತನಕ ತಡೆಯಲಾಗದೆ ನನ್ನ ಗೆಳೆಯ ಬಾಬುವಿನ ಕಚೇರಿಗೆ ಹೋದೆ. ಬಾಬು ನಮ್ಮೂರಿನವನೇ. ಒಂದೇ ಶಾಲೆಗೆ ಹೋದವರು ನಾವು. ನಾನು ಒಳಗೆ ಕೂತರೆ ಅವನನ್ನು ಮಾಸ್ತರರು ಪಡಸಾಲೆಯಲ್ಲಿ ಕೂಡಿಸುತ್ತಿದ್ದರು. ಆದರೂ ಮೆಟ್ರಿಕ್ ಮುಗಿಸಿ ಸರ್ಕಾರಿ ಕಾರಕೂನನಾದ. ಹಿಂದಿನ ವರ್ಷ ಅವನ ಮನೆಯವರೆಲ್ಲ ಬೌದ್ಧರಾಗಿದ್ದರು. ನನ್ನ ಗುಟ್ಟನ್ನು ಯಾರಿಗಾದರೂ ಹೇಳಬಹುದಾದರೆ ಅವನಿಗೇ.

ಚಹಾದಂಗಡಿಯ ಮುಂದೆ ನಿಂತು ಅವನು ಕಾಗದ ಬಿಚ್ಚಿದ. ತುಟಿಯಲ್ಲೇ ಸೊನ್ನೆ ಎಣಿಸಿದ. "ಸಂಗ್ಯಾ, ಎಂಬತ್ತ ಲಕ್ಷ ಅದಾವಂತಲೇ!"

"ಎಂಬತ್ತ ಲಕ್ಷ?"

"ಒಂದ ಹನಿ ಲೆಕ್ಕಕ್ಕ!"

ನಾವಿಬ್ಬರೂ ದೊಡ್ಡದಾಗಿ ನಕ್ಕುಬಿಟ್ಟೆವು. ನಮ್ಮ ಇಡೀ ಜಿಲ್ಲೆಯಲ್ಲಿ ಅಷ್ಟು ಮಂದಿ ಇಲ್ಲ. ಎಂಬತ್ತು ಲಕ್ಷ ಇಟ್ಟುಕೊಂಡವನು ಒಂದು ಕೂಸಿಗಾಗಿ ಅಳುವುದೇ! ಇನ್ನೊಂದು ಚಹಾ ಹೇಳಿದೆ. ಬಾಬು ಕಾಗದದ ಕೆಳಗಿನ ಸಾಲುಗಳನ್ನು ಓದುತ್ತಿದ್ದ. ಅವನ ನಗು ನಿಂತಿತು. ಕಾಗದ ಮಡಚಿ ನನ್ನ ಕಿಸೆಯಲ್ಲಿ ತಾನೇ ಇಟ್ಟ. "ಕೆಳಗ ಏನೋ ಬರದಾರ, ನನಗ ಸರಿ ತಿಳೀವಲ್ದು. ಡಾಕ್ಟರಿಗೆ ತೋರಸು," ಅಂದ. ಅವನಿಗೆ ತಿಳಿದಿತ್ತು. ಹೇಳುವ ಬಾಯಿ ತನ್ನದಾಗಬಾರದು ಅಂತ ಅಷ್ಟೇ.

ಡಾಕ್ಟರು ಕಾಗದ ನೋಡಿದ್ದು ಒಂದು ಉಸಿರಿನಷ್ಟು ಹೊತ್ತು. "ಎಂಬತ್ತು ಲಕ್ಷ ಅಂದ್ರ ಕಡಿಮಿ. ಇರಬೇಕಾದ್ದು ಅದರ ಎಷ್ಟೋ ಪಟ್ಟು. ಮ್ಯಾಲ ಅಷ್ಟೂ ಸತ್ತಾವ. ಒಂದೂ ಅಳ್ಳಾಡೂದಿಲ್ಲ."

"ಔಷಧಾರಿ?"

"ಸತ್ತದ್ದಕ್ಕ ಏನ ಔಷಧಾ?"

ಮತ್ತೆ ಮುಂದಿನವರನ್ನು ಕರೆದರು.

ಆ ಸಂಜೆ ಬಸ್ಸಿನಲ್ಲಿ ಕೂತು ಬಂದವನು ಬೇರೆ ಯಾರೋ ಅನ್ನುವಂತೆ ಇತ್ತು. ಅತ್ತೆನೋ ಇಲ್ಲವೋ ನೆನಪಿಲ್ಲ. ನನ್ನೊಳಗೆ ಎಂಬತ್ತು ಲಕ್ಷ ಹೆಣ ಹೊತ್ತುಕೊಂಡು ಹೊಂಟಿದ್ದೇನೆ ಅನ್ನುವ ಒಂದೇ ವಿಚಾರ. ಬಾಗವ್ವ ಕೇಳಿದರೆ, "ಡಾಕ್ಟರು ಇರಲಿಲ್ಲ," ಅಂದೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಮುಂದೆ ಎಷ್ಟೋ ದಿನ ನಾನು ಅವಳ ಹತ್ತಿರ ಮಲಗಲಿಲ್ಲ. ಸತ್ತದ್ದನ್ನು ಕೊಟ್ಟು ಏನು ಮಾಡುವುದು ಅನ್ನಿಸುತ್ತಿತ್ತು. ಹಾಡಾಹಗಲೇ ಭಟ್ಟಿಯ ಮುಂದೆ ಕೂತಲ್ಲಿ ಮೈ ತಣ್ಣಗಾಗುತ್ತಿತ್ತು. ಮಂದಿ ಇದನ್ನು ರೋಗ ಅನ್ನುವುದಿಲ್ಲ. ಜ್ವರ ಇಲ್ಲ, ನೋವಿಲ್ಲ, ಉಂಡದ್ದು ಅರಗುತ್ತದೆ. ಆದರೆ ನಾನು ಆ ಎರಡು ತಿಂಗಳು ಇದ್ದದ್ದು ರೋಗಿಯ ಹಾಗೆಯೇ.

ಅಷ್ಟರಲ್ಲಿ ಅವ್ವ ಬಬಲೇಶ್ವರಕ್ಕೆ ಹೇಳಿ ಕಳಿಸಿ, ಕಸ್ತೂರಿಯ ಮಾತು ಮುಗಿಸಲು ದಿನ ನೋಡತೊಡಗಿದಳು. ಇನ್ನು ತಡ ಮಾಡಿದರೆ ಆ ಹುಡುಗಿಯ ಬಾಳು ನನ್ನ ಕೊರಳಿಗೆ ಬೀಳುತ್ತದೆ ಅಂತ ನಾನೇ ಮೊದಲು ಬಬಲೇಶ್ವರಕ್ಕೆ ಹೋದೆ. ಶಿವಕ್ಕ ಹಿತ್ತಲಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು. ಅವಳೆದುರು ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಅಕ್ಕಾ, ಕಸ್ತೂರಿನ್ನ ನನಗ ಕೊಡಬ್ಯಾಡ. ದೋಷ ಬಾಗವ್ವಂದಲ್ಲ, ನಂದು. ತಪಾಸ ಮಾಡಿಸೀನಿ. ನನ್ನೊಳಗ ಎಲ್ಲಾ ಸತ್ತಾವಂತ."

ಅವಳು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಒಂದೊಂದೇ ಕೆಳಗಿಟ್ಟಳು. "ಅವ್ವಗ ಗೊತ್ತೇನು?"

"ಇಲ್ಲ."

"ಬಾಗವ್ವಗ?"

"ಇಲ್ಲ."

"ಮೂಳಾ," ಅಂದಳು ಅಕ್ಕ. "ಹೇಳಬೇಕಾದಾಕಿಗೆ ಬಿಟ್ಟು ನನಗ ಹೇಳಾಕ ಇಲ್ಲೀತನಾ ಬಂದೀಯಲ್ಲೊ. ಆಕಿ ಆರು ವರ್ಷ ತನ್ನ ಹೊಟ್ಟಿನ ಬೈಕೊಂತ ಕುಂತಾಳ. ಹೋಗಿ ಮೊದಲ ಹೇಳು." ಆಮೇಲೆ ರೊಟ್ಟಿ, ಎಣ್ಣೆಗಾಯಿ ಹಾಕಿ ಉಣ್ಣಲು ಕೂಡಿಸಿದಳು. ನಾನು ಉಣ್ಣುವಾಗ ಆಚೆ ಮುಖ ಮಾಡಿ ಕೂತು, "ಕಸ್ತೂರಿಗೆ ಒಂದೆರಡು ವರ್ಷ ಮದವಿ ಕೂಡಿ ಬರೂದಿಲ್ಲಂತ ಅಯ್ಯಗೋಳ ಹೇಳ್ಯಾರ ಅಂತ ಅವ್ವಗ ಹೇಳಿ ಕಳಸ್ತೀನಿ. ನೀ ಸುಮ್ಮನಿರು," ಅಂದಳು. ಕಣ್ಣೊರೆಸಿಕೊಂಡದ್ದು ಮೆಣಸಿನಕಾಯಿ ಖಾರಕ್ಕೋ ಬೇರೆದಕ್ಕೋ ನಾನು ಕೇಳಲಿಲ್ಲ.

ಮರುದಿನ ಬಾಗವ್ವ, ನಾನು ಇಬ್ಬರೇ ಭಟ್ಟಿಗೆ ಹತ್ತಿಕಟ್ಟಿಗೆ ತರಲು ಹೊಲಕ್ಕೆ ಹೋದಾಗ ಹೇಳಿದೆ. ಎಂಬತ್ತು ಲಕ್ಷದಿಂದ ಹಿಡಿದು, ಸತ್ತದ್ದಕ್ಕ ಏನ ಔಷಧಾ ಅನ್ನುವತನಕ. ಅವಳು ಕಟ್ಟಿಗೆಯ ಹೊರೆ ಕಟ್ಟುತ್ತಲೇ ಕೇಳಿದಳು. ಹಗ್ಗ ಬಿಗಿದು, ಗಂಟು ಹಾಕಿ, ಹೊರೆಯ ಮೇಲೆ ಕೂತಳು.

"ಸತ್ತಾವ ಅಂದ್ರ, ಮೊದಲ ಜೀವಂತ ಇದ್ದು ಅಂತಲ್ಲೇನು?"

ನಾನು ಕೈಯಲ್ಲಿದ್ದ ಕಟ್ಟಿಗೆ ಕೆಳಗೆ ಹಾಕಿ ಅವಳ ಕಡೆ ತಿರುಗಿದೆ.

"ಅಲ್ರಿ, ಇಲ್ಲದ್ದು ಸಾಯೂದಿಲ್ಲ. ಯಾವಾಗ ಸತ್ತು, ಯಾಕ ಸತ್ತು ಅಂತ ಆ ಡಾಕ್ಟರ ಕೇಳಿದನ?"

"ಇಲ್ಲ."

"ಹಂಗಾದ್ರ ಕೇಳುವವರ ಹಂತೇಲಿ ಹೋಗೂಣು."

ನನಗೆ ಇನ್ನೊಮ್ಮೆ ಆ ಮೇಜಿನ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ, ಮಳೆಗಾಲ ಪೂರ್ತಿ ಏನೇನೋ ನೆವ ಹೇಳಿದೆ. ಬಾಗವ್ವ ಮತ್ತೆ ಡಾಕ್ಟರಬಾಯಿಯನ್ನು ಕಂಡು ಬಂದಳು. ಅವರು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದ್ದ ಒಬ್ಬ ಮುದುಕ ಡಾಕ್ಟರ ಗುರುತು ಹೇಳಿದ್ದರು. ದಸರೆ ಮುಗಿದ ಮೇಲೆ ಇಬ್ಬರೂ ಹೋದೆವು.

ಹಳೇ ಮನೆ, ಪಡಸಾಲೆಯಲ್ಲೇ ದವಾಖಾನೆ. ಜನ ಹೆಚ್ಚಿರಲಿಲ್ಲ. ಡಾಕ್ಟರು ಕನ್ನಡಕ ಹಣೆಗೇರಿಸಿ ನನ್ನ ಕಾಗದ ನಿಧಾನವಾಗಿ ಓದಿದರು. ನಾನು ಸತ್ತ ಸುದ್ದಿ ಕೇಳಲು ತಯಾರಾಗಿ ಕೂತಿದ್ದೆ. ಅವರು ಕೇಳಿದ್ದು ಬೇರೆ.

"ಇದನ್ನ ಎಲ್ಲಿಂದ ತಂದಿ?"

"ಟಿಕೋಟಾದಿಂದರಿ."

"ಹೆಂಗ?"

"ಬಸ್ಸಿನ್ಯಾಗರಿ. ರುಮಾಲದಾಗ ಇಟ್ಕೊಂಡು."

"ಬಾಟಲಿ ತೊಳದಿದ್ರಿ?"

"ಸಾಬಾಣ ಹಚ್ಚಿ, ಕುದಿಯೋ ನೀರ ಹಾಕಿ ತೊಳದಿದ್ನಿರಿ," ಅಂದಳು ಬಾಗವ್ವ, ತುಸು ಹೆಮ್ಮೆಯಿಂದಲೇ.

ಡಾಕ್ಟರು ಕಾಗದ ಕೆಳಗಿಟ್ಟರು. ನಗಲಿಲ್ಲ, ನಮ್ಮನ್ನು ಬೈಯಲೂ ಇಲ್ಲ. "ನೋಡಪ್ಪಾ, ಇವು ಭಾಳ ಸೂಕ್ಷ್ಮ. ಸಾಬಾಣ ತಗಲಿದ್ರ ಸಾಯ್ತಾವ. ಬಿಸಲಿಗೆ ಸಾಯ್ತಾವ. ತಡಾ ಆದ್ರ ಸಾಯ್ತಾವ. ನೀ ಮೂರೂ ಮಾಡೀದಿ. ಈ ಕಾಗದ ಸುಳ್ಳಲ್ಲ, ಸತ್ತಿದ್ದು ಖರೇ. ಆದ್ರ ನಿನ್ನೊಳಗ ಸತ್ತಾವೋ ಬಸ್ಸಿನ್ಯಾಗ ಸತ್ತಾವೋ, ಅದನ್ನ ಕಾಗದ ಹೆಂಗ ಹೇಳಬೇಕು?"

ಬಾಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಎಷ್ಟು ತಿಂಗಳ ದುಃಖ ಅದು, ನಗುವಿನ ಹಾಗೆ ಹೊರಗೆ ಬಂತು.

ಅವರೇ ಒಂದು ಬಾಟಲಿ ಕೊಟ್ಟು, ಹಿಂದಿನ ಕೋಣೆ ತೋರಿಸಿದರು. ಬಾಗವ್ವ ಹೊರಗೆ ಬೆಂಚಿನ ಮೇಲೆ ಕೂತಳು. ಡಾಕ್ಟರು ಬಾಟಲಿ ತಗೊಂಡು ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಕರೆದರು. ಕಿಡಕಿಯ ಬೆಳಕಿಗೆ ಸೂಕ್ಷ್ಮದರ್ಶಕ ಇಟ್ಟಿತ್ತು.

"ಒಂದ ಕಣ್ಣ ಮುಚ್ಚಿ ನೋಡು."

ಮೊದಲು ಬರೀ ಬೆಳಕು ಕಂಡಿತು. ಆಮೇಲೆ ಅವರು ಏನೋ ತಿರುಗಿಸಿದರು. ಸಣ್ಣ ಸಣ್ಣ ಬಾಲದವು. ಮಮದಾಪುರದ ಕೆರೆಯ ಅಂಚಿನಲ್ಲಿ ಕಪ್ಪೆಯ ಮರಿ ಇರುತ್ತವಲ್ಲ, ಹಾಗೆ. ಬಹಳಷ್ಟು ಸುಮ್ಮನೆ ಬಿದ್ದಿದ್ದವು. ಕೆಲವು ಬಿದ್ದಲ್ಲೇ ಬಾಲ ಬಡಿಯುತ್ತಿದ್ದವು. ಒಂದು ಮಾತ್ರ ಎಲ್ಲವನ್ನೂ ಸರಿಸಿಕೊಂಡು ಆ ತುದಿಯಿಂದ ಈ ತುದಿಗೆ ಹೊಂಟಿತ್ತು, ಏನೋ ಅವಸರದ ಕೆಲಸ ಇದ್ದವರ ಹಾಗೆ.

"ಅದು ನಂದರಿ?" ಅಂದೆ.

"ಮತ್ಯಾರದು?"

ಬಾಗವ್ವನಿಗೆ ತೋರಿಸಬಹುದೇ ಅಂತ ಕೇಳಿದೆ. ಡಾಕ್ಟರು ತುಸು ಹಿಂದೆ ಮುಂದೆ ನೋಡಿ ಹೂಂ ಅಂದರು. ಅವಳು ಕಣ್ಣಿಟ್ಟು ನೋಡಿದಳು, ಇನ್ನೊಂದು ಕಣ್ಣಿಟ್ಟು ನೋಡಿದಳು. "ಓಡ್ಯಾಡಾಕತ್ತಾವು!" ಅಂದಳು. ಅಷ್ಟೇ. ಅಲ್ಲೇ ನೆಲದ ಮೇಲೆ ಕೂತಳು.

ಡಾಕ್ಟರು ಎರಡನೇ ಕಾಗದ ಬರೆದುಕೊಟ್ಟರು. ಕಾಗದ ಓದುವುದನ್ನು ನನಗೆ ಕಲಿಸಿದ್ದು ಅವರೇ. "ಮೂರು ಮಾತು ನೆನಪಿಡು," ಅಂದರು. "ಎಷ್ಟು ಅದಾವ, ಎಷ್ಟು ನಡೀತಾವ, ಎಷ್ಟು ನೆಟ್ಟಗದಾವ. ದೂರದ ಸಂತಿಗೆ ನಡಕೊಂಡ ಹೊಂಟ ಮಂದಿ ಇದ್ದಂಗ. ಸಾವಿರ ಮಂದಿ ಹೊಂಟ್ರ ಮುಟ್ಟಾವರು ನಾಕ ಮಂದಿ. ಅದಕ್ಕ ಲಕ್ಷಗಟ್ಟಲೆ ಇದ್ರೂ ಕಡಿಮಿ ಅನ್ನೂದು. ನಿನ್ನವು ಬದುಕ್ಯಾವ, ಆದ್ರ ಸ್ವಲ್ಪ ಅದಾವ, ನಡಿಗಿ ಸೋತಾವ." ಆಮೇಲೆ ಕೇಳಿದರು, "ಏನ ಕೆಲಸ ಮಾಡ್ತಿ?"

ಭಟ್ಟಿಯ ವಿಷಯ ಹೇಳಿದೆ. ಹೇಗೆ ಕೂಡುತ್ತೀ ಅಂದರು. ಕೂತು ತೋರಿಸಿದೆ. ಅವರು ತಲೆಯಾಡಿಸಿದರು. "ಗಂಡಸಿನ ಆ ಅಂಗಾನ ದೇವರು ದೇಹದ ಹೊರಗ ಯಾಕ ಇಟ್ಟಾನ? ತಂಪಿರಲಿ ಅಂತ. ನೀ ಅದನ್ನ ದಿನಾ ಬೆಂಕಿ ಬಾಯಿಗೆ ಹಿಡದೀದಿ. ಭಟ್ಟಿ ಬಿಡು. ಇವತ್ತ ಬಿಟ್ರ ನಾಳೆ ಗುಣ ಕಾಣೂದಿಲ್ಲ. ಒಳಗ ಹೊಸಾವು ತಯಾರಾಗಾಕ ಮೂರು ತಿಂಗಳ ಬೇಕು. ಆಮ್ಯಾಲ ನೋಡೂಣು."

"ಮಕ್ಕಳಾಗತಾವೇನ್ರಿ?" ಅಂದಳು ಬಾಗವ್ವ.

"ಆಗಬಹುದವ್ವಾ. ಆಗತಾವ ಅಂತ ನಾ ಬರದ ಕೊಡೂದಿಲ್ಲ."

ಭಟ್ಟಿ ಬಿಡುವುದು ಆಡಿದಷ್ಟು ಸುಲಭ ಇರಲಿಲ್ಲ. ನನಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ. ಈರಪ್ಪನಿಗೆ ಒಪ್ಪಿಸುತ್ತೇನೆ ಅಂದಾಗ ಅವ್ವ ಮೊದಲು ನಂಬಲೇ ಇಲ್ಲ. ಕಾರಣ ಹೇಳದೆ ಗತಿ ಇರಲಿಲ್ಲ, ಹೇಳಿದೆ. ಅವ್ವ ಗದ್ದಕ್ಕೆ ಕೈ ಹಚ್ಚಿದಳು. "ನಿಮ್ಮಪ್ಪನೂ ಇದ ಭಟ್ಟಿ ಮುಂದ ಕುಂತಾನ. ನಿಮ್ಮನ್ನೆಲ್ಲಾ ಹಡದಿಲ್ಲೇನು ನಾ?" ಅಪ್ಪ ಭಟ್ಟಿ ಹಾಕುವ ಹೊತ್ತಿಗೆ ನಾವು ಮೂವರೂ ಹುಟ್ಟಿಯಾಗಿತ್ತು. ಹಾಗಂತ ಹೇಳಿದೆ. ಅವ್ವ ಮಾತು ಬಿಟ್ಟಳು. ಈರಪ್ಪನಿಗೆ ನಿಂತು ಕೈಯಾಡಿಸಲು ಬರುವಂತೆ ಭಟ್ಟಿಯ ಕಟ್ಟೆಯನ್ನು ನಾನೇ ಎತ್ತರಿಸಿ, ಮುಂದೆ ಅಡ್ಡಗೋಡೆ ಹಾಕಿಕೊಟ್ಟೆ. ನಾವಿಬ್ಬರೂ ವಿಜಾಪುರಕ್ಕೆ ಬಂದು ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಕೋಣೆ ಹಿಡಿದೆವು. ಬಾಬು ಹೇಳಿ ಕೊಡಿಸಿದ ಕೆಲಸ ಗಾಂಧಿ ಚೌಕದ ಒಂದು ಕಾಳಿನ ಅಂಗಡಿಯಲ್ಲಿ, ತಕ್ಕಡಿ ಹಿಡಿಯುವುದು. ನೆರಳಿನ ಕೆಲಸ. ಮೊದಮೊದಲು ಮೈಯೆಲ್ಲ ಥಂಡಿ ಹತ್ತಿದಂತೆ ಅನ್ನಿಸುತ್ತಿತ್ತು.

ಬೇಸಿಗೆ ಹತ್ತುವ ಮೊದಲು ಮತ್ತೆ ತಪಾಸಣೆ ಆಯಿತು. ಮೂರನೇ ಕಾಗದ. ಡಾಕ್ಟರ ಮುಖ ಕಂಡೇ ಗೊತ್ತಾಯಿತು. "ಎಷ್ಟೋ ಪಟ್ಟು ಏರ್ಯಾವ. ನಡಿಗೀನೂ ಚಲೋ ಐತಿ. ಕಾಗದದ ಮ್ಯಾಲ ನಿನ್ನೊಳಗ ಇನ್ನೇನೂ ಊನ ಇಲ್ಲ." ಗುಡಿಯ ಮುಂದೆ ಪೇಡೆ ತಗೊಂಡು ಬಾಬುವಿನ ಮನೆಗೆ ಹೋದೆವು. ಬಾಬು ಈ ಸಲ ಕಾಗದವನ್ನು ಮೇಲಿಂದ ಕೆಳಗಿನ ತನಕ ಗಟ್ಟಿಯಾಗಿ ಓದಿದ.

ಸುದ್ದಿ ಟಿಕೋಟಾಕ್ಕೆ ಹೇಗೋ ಮುಟ್ಟಿತು. ಅವ್ವ ಮಾತು ಬಿಟ್ಟವಳು ತಾನೇ ಬಂದಳು, ಶಿವಕ್ಕನನ್ನೂ ಕರೆದುಕೊಂಡು. ಬಾಗವ್ವ ಚಹಾ ಇಟ್ಟಳು. ಅವ್ವ ಚಹಾ ಮುಟ್ಟಲಿಲ್ಲ.

"ನಿನ್ನೊಳಗ ಎಲ್ಲಾ ನೆಟ್ಟಗೈತಿ ಅಂತ ಕಾಗದ ಹೇಳ್ತಂತ, ಹೌದಿಲ್ಲೊ?"

"ಹೌದು."

"ಹಂಗಾದ್ರ ಬೀಜಾ ಚಲೋ ಐತಿ. ಹೊಲಾನ ಬಂಜರು."

ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಕಾಗದ ಸುಧಾರಿಸಿದ್ದು ಬಾಗವ್ವನ ಕೊರಳಿಗೆ ಉರುಲಾಗಿ ಬರುತ್ತದೆ ಅಂತ. ಅವಳು ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಬೆನ್ನು ಅಲುಗಲಿಲ್ಲ.

"ಹೊಲ ಅಲ್ಲಬೇ ಆಕಿ," ಅಂದೆ. "ಬಾಗವ್ವ ಅದಾಳ."

"ಮಾತಿಗೇನ ಕಡಿಮಿ ಇಲ್ಲ. ಕಸ್ತೂರಿ ಇನ್ನೂ ಮನ್ಯಾಗ ಅದಾಳ. ಶಿವಕ್ಕಾ, ಹೇಳಬೇ ನಿನ್ನ ತಮ್ಮಗ."

ಶಿವಕ್ಕ ನನ್ನ ಕಡೆ ನೋಡಿದಳು. ಹಿಂದೊಮ್ಮೆ ನನ್ನನ್ನು ಉಳಿಸಿದವಳು, ಈಗ ಉಳಿಸುವ ನೆವ ಅವಳ ಹತ್ತಿರ ಇರಲಿಲ್ಲ. ಹಿತ್ತಲಲ್ಲಿ ಅವಳೆದುರು ಒಲ್ಲೆ ಅಂದದ್ದು ನನಗೆ ಬಹಳ ಹಗುರದ ಮಾತಾಗಿತ್ತು. ಆಗ ನನ್ನೊಳಗೆ ಏನೂ ಇಲ್ಲ ಅಂದುಕೊಂಡಿದ್ದೆ, ಇಲ್ಲದವನು ಬೇಡ ಅನ್ನುವುದರಲ್ಲಿ ಏನಿದೆ? ಈಗ ಕಾಗದದ ಪ್ರಕಾರ ನಾನು ಪೂರಾ ಗಂಡಸು. ಕಸ್ತೂರಿಯನ್ನು ತಂದರೆ ವರ್ಷದೊಳಗೆ ತೊಟ್ಟಿಲು ಕಟ್ಟಬಹುದಿತ್ತೇನೋ. ಕೂಸು ನನಗೂ ಬೇಕಿತ್ತು. ಆ ವಿಚಾರ ನನ್ನ ತಲೆಯಲ್ಲಿ ಬರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಅವ್ವ, ಅಕ್ಕ, ಬೆನ್ನು ತಿರುಗಿಸಿ ಕೂತ ಬಾಗವ್ವ, ಮೂವರೂ ನನ್ನ ಬಾಯಿಂದ ಏನು ಬರುತ್ತದೆ ಅಂತ ಕಾಯುತ್ತಿದ್ದರು.

"ಅವ್ವಾ, ಆಕೀನೂ ತಪಾಸ ಮಾಡಿಸ್ಯಾಳ, ಆಕಿಯೊಳಗೂ ಊನ ಇಲ್ಲ. ಆದ್ರ ಆಗಲಿ, ಆಗದಿದ್ರ ಬಿಡಲಿ. ನಾ ಇನ್ನೊಂದ ಮದವಿ ಆಗೂದಿಲ್ಲ. ಕಸ್ತೂರಿಗೆ ಚಲೋ ವರಾ ನೋಡ್ರಿ, ನಾ ಬಂದು ಅಕ್ಕಿಕಾಳ ಹಾಕ್ತೀನಿ."

ಅವ್ವ ಎದ್ದು ಹೋದಳು. ಶಿವಕ್ಕ ಹೋಗುವ ಮುಂಚೆ ಬಾಗವ್ವನ ತಲೆಯ ಮೇಲೆ ಕೈಯಿಟ್ಟು, ಅವ್ವ ಬಿಟ್ಟ ಚಹಾವನ್ನೂ ತಾನೇ ಕುಡಿದು ಹೋದಳು. ಕಸ್ತೂರಿಯ ಮದುವೆ ಮರುವರ್ಷ ಆಯಿತು, ಒಳ್ಳೆಯ ಮನೆ ಸಿಕ್ಕಿತು.

ಅವರು ಹೋದ ಮೇಲೆ ಬಾಗವ್ವ ಕೇಳಿದಳು: "ನಿಮಗ ಕೂಸು ಬ್ಯಾಡೇನ್ರಿ?"

"ಬೇಕು."

"ಮತ್ತ?"

"ಮತ್ತೇನಿಲ್ಲ. ಹಸಿವಿ ಆಗೇತಿ, ನೀಡು."

ಅವಳು ನೀಡಿದಳು.

ಮುಂದೆ ಏನಾಯಿತು ಅಂತ ಓದುವವರು ಕೇಳುತ್ತಾರೆ. ಬಾಗವ್ವನಿಗೆ ಒಂದು ಸಲ ಬಸಿರು ನಿಂತಿತ್ತು. ಎರಡು ತಿಂಗಳು ದಾಟಿ ಮೂರಕ್ಕೆ ಬಿದ್ದಾಗ ಹೋಯಿತು. ಬಾಗವ್ವ ದವಾಖಾನೆಯಲ್ಲಿ ನಾಲ್ಕು ದಿನ ಇದ್ದಳು, ನಾನು ಹೊರಗಿನ ಕಟ್ಟೆಯ ಮೇಲೆ ಇದ್ದೆ. ಬಾಬುವಿನ ಹೆಂಡತಿ ಗಂಜಿ ತಂದುಕೊಡುತ್ತಿದ್ದಳು. ಆಮೇಲೆ ಮತ್ತೆ ನಿಲ್ಲಲಿಲ್ಲ. ಮುದುಕ ಡಾಕ್ಟರ ಹತ್ತಿರ ಎಷ್ಟೋ ವರ್ಷ ಹೋದೆವು. ಯಾಕೆ ಅಂತ ಅವರಿಗೂ ಹೇಳಲಾಗಲಿಲ್ಲ. "ಕಾಗದಕ್ಕ ಗೊತ್ತಿದ್ದದ್ದು ಕಾಗದ ಹೇಳ್ತು, ಸಂಗಪ್ಪ. ಉಳಿದದ್ದು ನನಗೂ ಗೊತ್ತಿಲ್ಲ," ಅಂದರು. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನಾನು ಅವರೊಬ್ಬರನ್ನೇ ನೋಡಿದ್ದು. ಇನ್ನೊಮ್ಮೆ ತಪಾಸ ಮಾಡಿಸೋಣವೇ ಅಂತ ಅವರು ಕೇಳಿದ ದಿನ ಬಾಗವ್ವ, "ಸಾಕ್ರಿ ಯಪ್ಪಾ," ಅಂದಳು. ಬೇಸರದಿಂದ ಅನ್ನಲಿಲ್ಲ. ಉಂಡವರು ಕೈ ತೊಳೆಯುವಾಗ ಸಾಕು ಅನ್ನುತ್ತಾರಲ್ಲ, ಹಾಗೆ. ಆ ಸಂಜೆ ಖಾನಾವಳಿಯಲ್ಲಿ ಉಂಡು, ನಡೆದುಕೊಂಡೇ ಮನೆಗೆ ಬಂದೆವು.

ಅವ್ವ ನಮ್ಮ ಕೋಣೆಗೆ ಮತ್ತೆ ಬಂದದ್ದು ಕಣ್ಣಿನಲ್ಲಿ ಪೊರೆ ಬಂದಾಗ. ವಿಜಾಪುರದಲ್ಲೇ ಆಪರೇಷನ್ ಆಯಿತು. ಒಂದು ತಿಂಗಳು ಕಣ್ಣಿಗೆ ಪಟ್ಟಿ. ಬಾಗವ್ವ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುವುದು, ತಲೆ ಬಾಚುವುದು, ರೊಟ್ಟಿ ಮುರಿದು ಹಾಲಿನಲ್ಲಿ ಹಿಸುಕಿ ಉಣಿಸುವುದು ಎಲ್ಲ ಮಾಡಿದಳು. ಇಬ್ಬರೂ ಹಳೆಯದನ್ನು ಎತ್ತಲಿಲ್ಲ. ತಪ್ಪಾಯಿತು ಅಂತ ಅವ್ವ ಅನ್ನಲಿಲ್ಲ, ಅನ್ನಲಿ ಅಂತ ಬಾಗವ್ವ ಕಾಯಲೂ ಇಲ್ಲ.

ಪಟ್ಟಿ ಬಿಚ್ಚಿದ ವಾರದಲ್ಲಿ ಅವ್ವ ಕಟ್ಟೆಯ ಮೇಲೆ ಕೂತು, ಮಂಜುಮಂಜಾಗಿ ಕಾಣುವ ಓಣಿಯನ್ನು ನೋಡುತ್ತಿದ್ದಳು. ಬಾಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ನಾನು ಬಾಗಿಲ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದೆ. ಓಣಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಅವ್ವನ ಪಕ್ಕ ಕೂತು ಊರು, ಹೆಸರು, ಮನೆತನ ಎಲ್ಲ ಕೇಳಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಮಗಗ ಎಷ್ಟ ಮಕ್ಕಳ್ರಿ ಯಮ್ಮಾ?"

"ಇಲ್ಲ."

"ಅಯ್ಯ ಪಾಪ! ದೋಷ ಯಾರದ್ರಿ? ಸೊಸೀದೋ?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಕೈಯ ಸೂಜಿಯೂ ನಿಂತಿತು. ಅವ್ವ ಆ ಹೆಂಗಸಿನ ಮುಖ ಕಾಣಲು ಕಣ್ಣು ಕಿರಿದು ಮಾಡಿ ಹತ್ತಿರಕ್ಕೆ ಬಗ್ಗಿದಳು.

"ಮನ್ಯಾಗ ಇಬ್ಬರದಾರ. ಇಬ್ಬರೂ ಚಲೋ ಅದಾರ. ನಿನಗ ಅದರಾಗ ದೋಷ ಯಾಕ ಬೇಕಾಗೇತಿ? ಎದ್ದ ಹೋಗು, ನನ್ನ ಸೊಸಿ ಊಟಕ್ಕ ಕರ್ಯಾಕತ್ತಾಳ."

ಬಾಗವ್ವ ಇನ್ನೂ ಕರೆದಿರಲಿಲ್ಲ. ಆಮೇಲೆ ಕರೆದಳು.